ಇಪ್ಪತ್ತಾರು ಜನ, ಒಂದು ಮಿನಿ ಬಸ್ಸು, ಬಿಡದಿಯ ವಂಡರ್‌ಲಾ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡಲು ಸಿಗುವ ದಿನ ತೀರಾ ಕಡಿಮೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ದೀಪಾವಳಿ ಹೊತ್ತಿಗೆ ಕೊನೆ (ಅಡಿಕೆ ಗೊನೆ) ಕೊಯ್ಲು ಶುರು; ಆಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ತಿಂಗಳುಗಟ್ಟಲೆ ಕೆಲಸ. ಏಪ್ರಿಲ್, ಮೇ ಬಂದರೆ ಮದುವೆ, ಉಪನಯನ. ಉಳಿಯುವುದು ದಸರಾ ರಜೆ ಮಾತ್ರ. ಊರಿಗೆಲ್ಲ ರಜೆ ಇರುವುದೂ ಆಗಲೇ. ಹಾಗಾಗಿ ಜನಜಂಗುಳಿ ಇರುತ್ತದೆ ಅಂತ ಗೊತ್ತಿದ್ದೇ ನಾವು ಹೊರಟಿದ್ದು.

ನಾನು ಆ ಮನೆಯ ಕಿರಿ ಸೊಸೆ, ಇರುವುದು ಶಿವಮೊಗ್ಗದಲ್ಲಿ. ಮೊಬೈಲಿನಲ್ಲಿ ಟಿಕೆಟ್ ಬುಕ್ ಮಾಡಲು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಇಡೀ ಪ್ರವಾಸದ ಜವಾಬ್ದಾರಿ ನನ್ನ ತಲೆಗೆ ಬಂತು. ಮಾವಯ್ಯ, ಅತ್ತೆ, ಅವರ ಅಣ್ಣ ಅತ್ತಿಗೆ, ಭಾವಂದಿರು, ಓರಗಿತ್ತಿಯರು, ನಾದಿನಿ ಸಂಸಾರ, ಮಕ್ಕಳು ಮರಿ ಎಲ್ಲ ಸೇರಿ ಇಪ್ಪತ್ತಾರು ಜನ. ಇಷ್ಟು ಜನರನ್ನು ವಂಡರ್‌ಲಾದಂಥ ದೊಡ್ಡ ಮನರಂಜನಾ ಪಾರ್ಕಿಗೆ ಕರೆದುಕೊಂಡು ಹೋಗುವಾಗ ನಾನು ಮೊದಲು ಕೈಬಿಟ್ಟಿದ್ದು ‘ಎಲ್ಲರೂ ಒಟ್ಟಿಗೇ ಇರೋಣ’ ಅನ್ನುವ ಮಾತನ್ನು. ಹೊರಡುವಾಗ ಒಟ್ಟಿಗೆ, ಊಟಕ್ಕೆ ಒಟ್ಟಿಗೆ, ಅಲೆಯ ಕೊಳದಲ್ಲಿ (ವೇವ್ ಪೂಲ್) ಒಟ್ಟಿಗೆ. ಉಳಿದ ಹೊತ್ತು ಬೇರೆ ಬೇರೆ. ಇದನ್ನು ಒಪ್ಪಿಸುವುದಕ್ಕೆ ಬಸ್ಸು ಗೊತ್ತು ಮಾಡುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಅತ್ತೆಗಂತೂ ಮಕ್ಕಳು ಕಣ್ಣೆದುರು ಇಲ್ಲ ಅಂದರೆ ಸಮಾಧಾನವೇ ಇಲ್ಲ.

ಹೋಗುವ ದಾರಿ ಬಗ್ಗೆ ಸ್ವಲ್ಪ. ಸಾಗರ, ಶಿವಮೊಗ್ಗದವರಿಗೆ ತಾಳಗುಪ್ಪ–ಮೈಸೂರು ರಾತ್ರಿ ರೈಲು ಬೆಂಗಳೂರಿಗೆ ಅನುಕೂಲವೇ. ಆದರೆ ಅದು ಮೈಸೂರಿಗೇ ಹೋಗುವ ರೈಲು. ದಸರಾ ಸಮಯದಲ್ಲಿ ಒಂದೇ ಬೋಗಿಯಲ್ಲಿ ಇಪ್ಪತ್ತಾರು ಬರ್ತ್ ಸಿಗಬೇಕಲ್ಲ? ಅದಕ್ಕೇ ಮೂವತ್ತು ಸೀಟಿನ ಮಿನಿ ಬಸ್ಸು ಮಾಡಿದೆವು. ನಾಲ್ಕು ಸೀಟು ಖಾಲಿ ಇರಲೇಬೇಕು. ಹೊಟ್ಟೆ ತೊಳೆಸಿದವರು ಮುಂದೆ ಬಂದು ಕೂರುವುದಕ್ಕೆ, ನಿದ್ದೆ ಹೋದ ಮಗುವನ್ನು ಮಲಗಿಸುವುದಕ್ಕೆ ಬೇಕಾಗುತ್ತದೆ. ತೀರ್ಥಹಳ್ಳಿಯಿಂದ ಮಂಡಗದ್ದೆ ದಾಟುವವರೆಗಿನ ತಿರುವುಗಳಲ್ಲೇ ನಮ್ಮ ಮನೆಯ ಅರ್ಧ ಮಕ್ಕಳು ಮುಖ ಸಣ್ಣ ಮಾಡುತ್ತಾರೆ. ಹಾಗಾಗಿ ಹೊರಡುವ ಮೊದಲು ಹೊಟ್ಟೆ ತುಂಬ ತಿನ್ನಿಸಲಿಲ್ಲ. ಒಣ ಅವಲಕ್ಕಿ, ಶುಂಠಿ ಪೆಪ್ಪರ್‌ಮೆಂಟು, ಒಂದಿಷ್ಟು ಪ್ಲಾಸ್ಟಿಕ್ ಕವರು, ಅಷ್ಟೇ.

ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಪಾರ್ಕಿಗೆ ಇಳಿಯುವ ಯೋಚನೆಯನ್ನೂ ಬಿಟ್ಟೆವು. ಹಿಂದಿನ ದಿನ ಹೊರಟು ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಮೇಲೆ ಹೋಗಿ, ನೈಸ್ ರಸ್ತೆ ಹಿಡಿದರೆ ಬೆಂಗಳೂರಿನ ಒಳಗೆ ಸಿಕ್ಕಿಹಾಕಿಕೊಳ್ಳದೆ ಮೈಸೂರು ರಸ್ತೆ ಸೇರಬಹುದು. ಕೆಂಗೇರಿ ಹತ್ತಿರ ಒಂದು ಛತ್ರ ಹಿಡಿದಿದ್ದೆವು. ಮದುವೆ ಇಲ್ಲದ ದಿನ ಛತ್ರ ಲಾಡ್ಜಿಗಿಂತ ಎಷ್ಟೋ ವಾಸಿ. ಎರಡು ಮೂರು ಬಚ್ಚಲು, ಒಂದು ಅಡುಗೆಮನೆ, ಎಲ್ಲರೂ ಸಾಲಾಗಿ ಮಲಗಲು ಹಾಲು. ಬೆಳಿಗ್ಗೆ ಅತ್ತೆಯ ಕಷಾಯವೂ ಅಲ್ಲೇ ಕುದಿಯಿತು. ಒಂದು ಸೂಚನೆ ಡ್ರೈವರ್‌ಗೆ ಮೊದಲೇ ಹೇಳಿಡಿ: ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಬೇಡ, ಸರ್ವಿಸ್ ರಸ್ತೆಯಲ್ಲೇ ಹೋಗು ಅಂತ. ಒಮ್ಮೆ ಮೇಲೆ ಹತ್ತಿದರೆ ಬೇಕಾದಲ್ಲಿ ಇಳಿಯಲು ಆಗುವುದಿಲ್ಲ.

ಇನ್ನು ನಿಜವಾದ ತಯಾರಿ. ಅದು ನಡೆದಿದ್ದು ಊರಿನ ಮನೆಯ ಅಡುಗೆಕೋಣೆ ಬಾಗಿಲಲ್ಲಿ.

ವಂಡರ್‌ಲಾದಲ್ಲಿ ಮಕ್ಕಳ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದು. ತಲೆಕೆಳಗು ಮಾಡುವ ಕೆಲವು ರೈಡುಗಳಿಗೂ ಇದೇ 140ರ ಮಿತಿ ಇದೆ, ಕಡಿಮೆ ಇದ್ದರೆ ಹತ್ತಿಸುವುದಿಲ್ಲ. ಹೊರಡುವ ವಾರದ ಮೊದಲೇ ಮಕ್ಕಳನ್ನೆಲ್ಲ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿದೆ. ತಲೆ ಮೇಲೆ ಸ್ಕೇಲು ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಟೇಪಿನಲ್ಲಿ ಅಳೆದೆ. ನಾದಿನಿಯ ಮಗ ಹಿಮ್ಮಡಿ ಎತ್ತಿದ. ಹಿಡಿದು ಕೆಳಗಿಳಿಸಿದೆ. ಕೂದಲು ಕೆದರಿ ನಿಂತ. ಸ್ಕೇಲು ಒತ್ತಿದೆ. 138. “ಚಿಕ್ಕತ್ತೆ, ಎರಡೇ ಅಲ್ವಾ ಕಮ್ಮಿ” ಅಂತ ಗೋಗರೆದ. ನಾನು ಅಳೆದರೇನು, ಅಲ್ಲಿಯವರು ಅಳೆಯುವುದೂ ಇದೇ ಟೇಪಿನಲ್ಲಿ. ಅವನು ಆ ಸಂಜೆ ಊಟ ಬಿಟ್ಟು ಅತ್ತ. ಅಳುವುದಿದ್ದರೆ ಮನೆಯಲ್ಲೇ ಅತ್ತು ಮುಗಿಸಲಿ ಅಂತ ಸುಮ್ಮನಿದ್ದೆ. ಬಿಸಿಲಲ್ಲಿ ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತ ಮೇಲೆ ವಾಪಸ್ ಕಳಿಸಿದರೆ ಆ ಅಳು ಬೇರೆಯೇ ಇರುತ್ತದೆ.

ಈ ಅಳತೆಯ ಮೇಲೆ ಗುಂಪು ಮಾಡಿದೆ. ಯಾರ ಮಕ್ಕಳು, ಯಾರ ಸಂಸಾರ ಅಂತ ನೋಡಲಿಲ್ಲ. ಎತ್ತರವೂ ಧೈರ್ಯವೂ ಇರುವ ಎಂಟು ಜನ ಒಂದು ಕಡೆ. ಎತ್ತರ ಸಾಲದ ಆದರೆ ಓಡಾಡುವ ಮಕ್ಕಳು, ಅವರನ್ನು ನೋಡಿಕೊಳ್ಳುವ ದೊಡ್ಡವರು ಸೇರಿ ಏಳು. ಪುಟ್ಟ ಮಕ್ಕಳೂ ಅಮ್ಮಂದಿರೂ ಐದು. ಹಿರಿಯರು ಆರು. ಬಿಪಿ, ಹೃದಯ, ಬೆನ್ನು ನೋವು ಇರುವವರಿಗೆ, ಬಸುರಿಯರಿಗೆ ದೊಡ್ಡ ರೈಡು ಕೂಡದು ಅಂತ ಬೋರ್ಡು ಹಾಕಿರುತ್ತಾರೆ. ದೊಡ್ಡ ಭಾವನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಸರದಿಯಲ್ಲಿ ನಿಂತು ತಮ್ಮಂದಿರು ‘ಬಾರೋ ಏನಾಗಲ್ಲ’ ಅನ್ನುವ ಮೊದಲೇ ಅವರ ಹೆಸರನ್ನು ಹಿರಿಯರ ಗುಂಪಿಗೆ ಬರೆದಿಟ್ಟೆ. ಪ್ರತಿ ಗುಂಪಿಗೆ ಒಬ್ಬರು ಮುಖ್ಯಸ್ಥರು. ಅವರ ತಲೆ ಎಣಿಕೆ ಅವರದು. ನಾನು ಎಣಿಸುವುದು ನಾಲ್ಕೇ ತಲೆ.

ಬಟ್ಟೆಯದು ಇನ್ನೊಂದು ಅಧ್ಯಾಯ. ನೀರಿಗೆ ಇಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಈಜು ಬಟ್ಟೆಯೇ ಬೇಕು. ಹತ್ತಿ ಬಟ್ಟೆ ಎಳೆ ಬಿಡುತ್ತದೆ, ಅದು ನೀರು ಸೋಸುವ ಫಿಲ್ಟರಿಗೆ ಹೋಗಿ ಸೇರುತ್ತದೆ. ಸೀರೆ, ಚೂಡಿದಾರ್ ಉಟ್ಟು ನೀರಿಗೆ ಬಿಡುವುದಿಲ್ಲ. ಅಲ್ಲಿಯ ಅಂಗಡಿಯಲ್ಲೂ ಬಟ್ಟೆ ಸಿಗುತ್ತದೆ, ಆದರೆ ಹದಿನೆಂಟು ಜನರಿಗೆ ಅಳತೆ ಹುಡುಕುತ್ತ ಅಲ್ಲಿ ಹೊತ್ತು ಕಳೆಯುವುದು ಯಾಕೆ? ಶಿವಮೊಗ್ಗದ ಗಾಂಧಿ ಬಜಾರಿನಲ್ಲೇ ತೋಳು ತುಂಬ ಇರುವ, ಕೆಳಗೆ ಲೆಗ್ಗಿಂಗ್ಸ್ ಇರುವ ಗಾಢ ಬಣ್ಣದವು ತಂದೆ. ನಮ್ಮ ದೊಡ್ಡಕ್ಕ, ಅಂದರೆ ಹಿರಿ ಓರಗಿತ್ತಿ, ಹಿತ್ತಿಲಿಗೆ ಹೋಗುವಾಗಲೂ ನೈಟಿ ಮೇಲೆ ಟವೆಲ್ ಹೊದೆಯುವವರು. “ನಾನು ದಡದಲ್ಲಿ ಕೂತು ನಿಮ್ಮ ಚೀಲ ಕಾಯ್ತೀನಿ ಮಾರಾಯ್ತಿ” ಅಂದುಬಿಟ್ಟರು. ಒಂದು ಸಂಜೆ ಗಂಡಸರೆಲ್ಲ ಪೇಟೆಗೆ ಹೋಗಿದ್ದಾಗ ನಡುಮನೆಯ ಬಾಗಿಲು ಹಾಕಿ ಹೆಂಗಸರೆಲ್ಲ ಒಟ್ಟಿಗೇ ಹಾಕಿಕೊಂಡು ನೋಡಿದೆವು. ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು. ಮುಜುಗರ ಅಲ್ಲೇ ಮುಗಿಯಿತು. ಕೊಳದಲ್ಲಿ ಅಲೆ ಬಿಡುವ ಮೊದಲು ಸೈರನ್ ಆದಾಗಲೆಲ್ಲ ಎಲ್ಲರಿಗಿಂತ ಮುಂದೆ ಓಡಿದವರು ದೊಡ್ಡಕ್ಕನೇ.

ಪಾರ್ಕು ಬಾಗಿಲು ತೆರೆಯುವುದು ಹನ್ನೊಂದಕ್ಕೆ. ಬೆಳಿಗ್ಗೆ ಬಿಡದಿಯ ತಟ್ಟೆ ಇಡ್ಲಿ ಬಿಡುವ ಹಾಗಿಲ್ಲವಲ್ಲ, ಒಂಬತ್ತಕ್ಕೆಲ್ಲ ತಿಂದು ಮುಗಿಸಿದೆವು. ಎಂಟು ಜನರ ಗುಂಪಿಗೆ ಮಾತ್ರ ಒಂದೇ ಇಡ್ಲಿ ಅಂತ ಕಟ್ಟಪ್ಪಣೆ. ಅವರು ಮೊದಲು ಓಡಬೇಕಾದದ್ದು ರಿಕಾಯಿಲ್ ಅನ್ನುವ ರೋಲರ್ ಕೋಸ್ಟರಿಗೆ. ಗಾಡಿ ಮುಂದಕ್ಕೆ ಸುರುಳಿ ಸುತ್ತಿ ಹೋಗಿ, ಅದೇ ಹಳಿಯ ಮೇಲೆ ಹಿಂದುಮುಂದಾಗಿ ವಾಪಸ್ ಬರುತ್ತದೆ. ಹೊಟ್ಟೆ ತುಂಬಿದವರ ಕೆಲಸವಲ್ಲ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ನಾವು ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಬಸ್ಸಿನಲ್ಲೇ ಉಳಿಯಿತು. ಮಾವಯ್ಯನ ಎಲೆಅಡಿಕೆ ಚೀಲವನ್ನೂ ಬಸ್ಸಿನಲ್ಲೇ ಬಿಡಿಸಬೇಕಾಯಿತು, ಒಳಗೆ ಅಡಕತ್ತರಿ ಬೇರೆ ಇತ್ತು. “ಸಾಯಂಕಾಲದವರೆಗೆ ಬಾಯಿ ಖಾಲಿ ಇಟ್ಟುಕೊಂಡು ಕೂರೋದಾ?” ಅಂದರು. ಒಂದು ಕೆಲಸ ಕೊಡದಿದ್ದರೆ ದಿನವಿಡೀ ಇದೇ ರಾಗ ಅಂತ ನನಗೆ ಗೊತ್ತಿತ್ತು. ಸರದಿ ನೋಡಿಕೊಂಡು ಬರುವ ಕೆಲಸ ಕೊಟ್ಟೆ.

ಇಡೀ ದಿನದ ಅತಿ ಉಪಯೋಗದ ಸಂಗತಿ ಇದೇ ಆಯಿತು. ಮರದ ಬುಡದಲ್ಲಿ ನಿಂತು ಕೊನೆ ಎಣಿಸಿ ಫಸಲು ಅಂದಾಜು ಮಾಡುವ ಮನುಷ್ಯ ಅವರು. ರೈಡಿನ ಪಕ್ಕ ನಿಂತು ಒಂದು ಸುತ್ತಿಗೆ ಎಷ್ಟು ಜನ ಹತ್ತುತ್ತಾರೆ ನೋಡಿದರು. ಒಂದು ಸುತ್ತು ಮುಗಿದು, ಜನ ಇಳಿದು, ಮತ್ತೆ ಹತ್ತಿ ಬೆಲ್ಟು ಹಾಕಿ ಹೊರಡಲು ಎಷ್ಟು ನಿಮಿಷ ಅಂತ ಗಡಿಯಾರ ನೋಡಿದರು. ಕಬ್ಬಿಣದ ಸರಳಿನ ಒಂದು ಸಾಲಿನಲ್ಲಿ ಇರುವ ಜನ ಎಣಿಸಿ, ಎಷ್ಟು ಸಾಲಿದೆಯೋ ಅಷ್ಟರಿಂದ ಗುಣಿಸಿದರು. ನೂರು ಜನ ನಿಂತಿದ್ದಾರೆ, ಒಮ್ಮೆಗೆ ಇಪ್ಪತ್ತು ಜನ ಹೋಗುತ್ತಾರೆ, ಸುತ್ತಿಗೆ ನಾಲ್ಕು ನಿಮಿಷ ಅಂದರೆ ಕಾಯಬೇಕಾದ್ದು ಇಪ್ಪತ್ತು ನಿಮಿಷ. ಉದ್ದ ಕಾಣುವ ಸರದಿ ಬೇಗ ಸಾಗಬಹುದು. ಎಂಟೇ ಜನ ಕೂರುವ ಚಿಕ್ಕ ರೈಡಿನ ಮೋಟು ಸರದಿ ನಿಂತಲ್ಲೇ ನಿಂತಿರಬಹುದು. ಮಾವಯ್ಯ ವಾಪಸ್ ಬಂದು “ಆ ಕಡೆದು ಬೇಡ, ಈ ಕಡೆದಕ್ಕೆ ಹೋಗಿ” ಅಂದರೆ ಮಕ್ಕಳು ಓಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎಲೆಅಡಿಕೆ ನೆನಪೇ ಇರಲಿಲ್ಲ.

ಹಿರಿಯರಿಗೆ ಒಳಗೆ ಹೋದ ತಕ್ಷಣ ನೆರಳಿರುವ, ಶೌಚಾಲಯ ಹತ್ತಿರವಿರುವ ಒಂದು ಬೆಂಚು ಹಿಡಿದಿದ್ದೆವು. ಮಕ್ಕಳು ಅದಕ್ಕೆ ‘ಜಗಲಿ’ ಅಂತ ಹೆಸರಿಟ್ಟರು. ಹೆಸರು ಸರಿಯಾಗಿಯೇ ಇತ್ತು. ಊರಿನ ಮನೆಯಲ್ಲಿ ಹೊರಗೆ ಹೋಗುವವರು, ಒಳಗೆ ಬರುವವರು ಜಗಲಿ ದಾಟಲೇಬೇಕು, ಅಲ್ಲಿ ಕೂತವರಿಗೆ ಎಲ್ಲರ ಸುದ್ದಿಯೂ ಗೊತ್ತಿರುತ್ತದೆ. ಇಲ್ಲೂ ಅಷ್ಟೇ. ನೀರಿಗೆ ಇಳಿದರೆ ಮೊಬೈಲು ಲಾಕರಿನಲ್ಲಿ. ಯಾರಿಗೂ ಫೋನ್ ಮಾಡುವ ಹಾಗಿಲ್ಲ. ಅದಕ್ಕೆ ಗುಂಪಿಗೊಂದು ನೀರು ಹೋಗದ ಅಗ್ಗದ ವಾಚು. ಹನ್ನೆರಡೂಕಾಲಿಗೆ, ಮೂರಕ್ಕೆ, ಐದಕ್ಕೆ ಜಗಲಿಗೆ ಬರಲೇಬೇಕು. ಬರದಿದ್ದರೆ ಹತ್ತು ನಿಮಿಷ ಕಾದು, ಆಮೇಲೆ ಹುಡುಕಲು ಒಬ್ಬರೇ ಹೋಗುವುದು. ಎಲ್ಲರೂ ಹುಡುಕಲು ಹೊರಟರೆ ಅವರನ್ನು ಹುಡುಕುವವರು ಯಾರು?

ಹನ್ನೆರಡೂಕಾಲು ಯಾಕೆ ಅಂದರೆ ಊಟ. ಒಂದರಿಂದ ಎರಡರವರೆಗೆ ಊಟದ ಕಡೆ ತಲೆ ಹಾಕಲೂ ಆಗುವುದಿಲ್ಲ. ಬೇಗ ಉಂಡು, ಎಲ್ಲರೂ ಉಣ್ಣುವ ಹೊತ್ತಿನಲ್ಲಿ ರೈಡಿಗೆ ಹೋದರೆ ಸರದಿ ಕಣ್ಣಿಗೆ ಕಾಣುವಷ್ಟು ಕರಗಿರುತ್ತದೆ. ಎಂಟು ಜನರ ಗುಂಪು ಮಾತ್ರ ಆಗ ಜ್ಯೂಸು ಕುಡಿದು, ಊಟಕ್ಕೆ ಎರಡೂವರೆಗೆ ಬಂತು.

ಪುಟ್ಟ ಮಕ್ಕಳ ಬಗ್ಗೆ ಒಂದು ಮಾತು. ತಪ್ಪಿಸಿಕೊಂಡರೆ ಸಮವಸ್ತ್ರದವರ ಹತ್ತಿರ ಹೋಗಿ ಅಪ್ಪನ ಹೆಸರು ಹೇಳು ಅಂತ ಎಲ್ಲರೂ ಹೇಳಿಕೊಡುತ್ತಾರೆ. ನಮ್ಮ ಮನೆಯ ನಾಲ್ಕು ವರ್ಷದವಳನ್ನು ಕೇಳಿದೆ. ಅಪ್ಪನ ಹೆಸರು ‘ಅಪ್ಪಯ್ಯ’, ಅಜ್ಜನ ಹೆಸರು ‘ಅಜ್ಜಯ್ಯ’, ಅವಳ ಹೆಸರು ‘ಪುಟ್ಟಿ’. ಮೈಕಿನಲ್ಲಿ ‘ಅಪ್ಪಯ್ಯ ಎಲ್ಲಿದ್ದರೂ ಬರಬೇಕು’ ಅಂತ ಕೂಗಿದರೆ ಮಲೆನಾಡಿನವರೆಲ್ಲ ಓಡಿ ಬರಬೇಕು. ಹೊರಡುವ ಮೊದಲು ದಿನವೂ ನಿಜವಾದ ಹೆಸರು ಬಾಯಿಪಾಠ ಮಾಡಿಸಿದೆವು. ಕೈ ಮೇಲೆ ಪೆನ್ನಿನಲ್ಲಿ ಬರೆದ ನಂಬರು ನೀರಿಗೆ ಹೋಗುತ್ತದೆ. ಅಂಗಿಯ ಕಾಲರ್ ಒಳಗೆ ಮಾರ್ಕರಿನಲ್ಲಿ ಬರೆದೆವು.

ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬೇಕಾ ಅಂತ ತುಂಬ ಜನ ಕೇಳುತ್ತಾರೆ. ದುಡ್ಡು ಜಾಸ್ತಿ, ಸರದಿ ಬೇರೆ. ನಾವು ಆ ಎಂಟು ಜನರಿಗೆ ಮಾತ್ರ ತೆಗೆದುಕೊಂಡೆವು. ಅಲೆಯ ಕೊಳಕ್ಕೆ ಸರದಿಯೇ ಇಲ್ಲ, ಬೆಂಚಿನಲ್ಲಿ ಕೂರುವ ದೊಡ್ಡಮ್ಮನಿಗೆ ಅದು ಯಾಕೆ? ವಾರದ ನಡುವಿನ ದಿನ ನೋಡಿಕೊಂಡು ಹೋದರೆ ಟಿಕೆಟ್ ದರವೂ ಕಡಿಮೆ. ಹಿರಿಯರಿಗೆ, ಕಾಲೇಜು ಮಕ್ಕಳಿಗೆ ರಿಯಾಯಿತಿ ಇದೆಯಾ ಅಂತ ಬುಕ್ ಮಾಡುವಾಗಲೇ ನೋಡಿ, ಗುರುತಿನ ಚೀಟಿ ಮರೆಯದೆ ಇಟ್ಟುಕೊಳ್ಳಿ.

ಮೂರು ಗಂಟೆಗೆ ಎಲ್ಲರೂ ಕೊಳಕ್ಕೆ. ಐದಕ್ಕೆ ಒಣ ಬಟ್ಟೆ ಹಾಕಿ ಹಿರಿಯರನ್ನು ಸ್ಕೈ ವೀಲ್‌ಗೆ ಕರೆದುಕೊಂಡು ಹೋದೆವು. ಎತ್ತರದ ಗೋಪುರದ ತುದಿಯಲ್ಲಿ ಇಟ್ಟಿರುವ ತೊಟ್ಟಿಲು ಅದು, ನಿಧಾನಕ್ಕೆ ತಿರುಗುತ್ತದೆ. ಅತ್ತೆ ಕಂಬಿ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದರು. ಮೇಲೆ ಹೋದಾಗ ಒಂದು ಕಣ್ಣು ತೆರೆದು “ಜಗಲಿ ಎಲ್ಲೇ?” ಅಂತ ಕೇಳಿದರು. ತೋರಿಸಿದೆ. “ಚೀಲ ಅಲ್ಲೇ ಇದೆಯಾ ನೋಡು” ಅಂದರು.

ಖರ್ಚಿನ ಲೆಕ್ಕ ಸಂಸಾರಕ್ಕೆ ಇಷ್ಟು ಅಂತ ಮಾಡಲಿಲ್ಲ. ಟಿಕೆಟ್ ಅವರವರದು. ಬಸ್ಸು, ಛತ್ರ, ಡ್ರೈವರ್ ಬಾಟಾ, ಊಟ ಮಾತ್ರ ದೊಡ್ಡವರ ತಲೆಗೆ ಸಮನಾಗಿ ಹಂಚಿದೆ. ಹೊರಡುವ ಮೊದಲೇ ದುಡ್ಡು ಕೂಡಿಸಿಟ್ಟು ಒಬ್ಬರ ಕೈಯಿಂದಲೇ ಖರ್ಚು. ‘ನೀನು ಕೊಡಬೇಡ, ನಾನು ಕೊಡ್ತೀನಿ’ ಅನ್ನುವ ಜಗ್ಗಾಟ ಕೌಂಟರಿನ ಮುಂದೆ ನಡೆಯಲಿಲ್ಲ. ಅವತ್ತು ರಾತ್ರಿ ಮತ್ತೆ ಛತ್ರದಲ್ಲೇ ಮಲಗಿ, ಡ್ರೈವರಿಗೂ ನಿದ್ದೆ ಆದ ಮೇಲೆ ಬೆಳಿಗ್ಗೆ ಊರಿಗೆ ಹೊರಟೆವು. ಒದ್ದೆ ಬಟ್ಟೆಯ ಚೀಲಗಳಿಗೆ ಹೆಸರು ಬರೆದು ಕಟ್ಟಿ. ಗಾಢ ನೀಲಿ ಲೆಗ್ಗಿಂಗ್ಸ್ ಯಾರದ್ದು ಅನ್ನುವ ಚರ್ಚೆ ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೂ ನಡೆಯುತ್ತಿದೆ.