ಬೆಳಗಿನ ಚಳಿ, 20 ಸಿಸಿ ಇಂಜಿನ್ ಮತ್ತು ಹತ್ತು ನಿಮಿಷದ ರೇಸ್: ನನ್ನ ಅನುಭವ

ಹೋದ ಚಳಿಗಾಲದಿಂದ ಇಲ್ಲಿಯ ತನಕ ನನ್ನ, ರಿಮೋಟಿನಿಂದ ಹಾರಿಸುವ 20 ಸಿಸಿ ಪೆಟ್ರೋಲ್ ಆರ್‌ಸಿ ವಿಮಾನ ಒಂದು ಸಲವೂ ಗಾಳಿಯಲ್ಲಿ ಇಂಜಿನ್ ಬಂದ್ ಆಗಿ ಇಳಿದಿಲ್ಲ. ಹಾರಿಸುವ ಮೊದಲು ಹತ್ತು ನಿಮಿಷ ನೆಲದ ಮೇಲೇ ಇಂಜಿನ್ ಕಾಯಿಸಿ, ರೇಸ್ ಕೊಟ್ಟು ಪರೀಕ್ಷೆ ಮಾಡುವುದೇ ಇದಕ್ಕೆ ಕಾರಣ. ಹುಬ್ಬಳ್ಳಿ-ಧಾರವಾಡದಲ್ಲಿ ನಾವು ಹಾರಿಸುವವರೇ ಸ್ವಲ್ಪ ಜನ, ಅದರಲ್ಲೂ ಬಹಳಷ್ಟು ಮಂದಿ ಈಗ ಬ್ಯಾಟರಿಗೆ ಹೋಗಿಬಿಟ್ಟಿದ್ದಾರೆ. "ಹತ್ತು ನಿಮಿಷ ನೆಲದ ಮ್ಯಾಲೇ ಗುರ್ ಅನಸ್ತೀಯಲ್ಲೋ, ಪೆಟ್ರೋಲ್ ಸುಡಾಕ ಬಂದೀಯೇನ?" ಅಂತ ನಕ್ಕವರೂ ಅವರೇ. ಈಗ ಅವರಲ್ಲಿ ಇಬ್ಬರು ನನ್ನ ಹತ್ತಿರ ಟ್ಯಾಕೋಮೀಟರ್ (ಪ್ರೊಪೆಲರ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅಂತ ಬೆಳಕಿನಿಂದ ಎಣಿಸುವ ಮೀಟರ್) ಕೇಳುತ್ತಿದ್ದಾರೆ.

ಅವರು ಹೇಳುತ್ತಿದ್ದದ್ದು ಇಷ್ಟೇ. ಇದೇನು ಕಾಶ್ಮೀರನಾ, ನಮ್ಮ ಬಿಸಿಲಿಗೆ ಇಂಜಿನ್ ಯಾಕೆ ಕಾಯಿಸಬೇಕು? ಮಧ್ಯಾಹ್ನದ ಮಾತಾದರೆ ಸರಿ. ಆದರೆ ಮಧ್ಯಾಹ್ನ ಹಾರಿಸುವವರು ಯಾರು? ಗೋಕುಲ ರೋಡಿನ ವಿಮಾನ ನಿಲ್ದಾಣದ ಸುತ್ತ ಹಾರಿಸುವ ಹಾಗಿಲ್ಲ, ಅದಕ್ಕೇ ಅಣ್ಣಿಗೇರಿ ಕಡೆ ಎರೆ ಹೊಲಕ್ಕೆ ಹೋಗುತ್ತೇವೆ. ಅಲ್ಲಿ ಹತ್ತು ಗಂಟೆ ಆದ ಮೇಲೆ ಗಾಳಿ ಕೇಳುವುದೇ ಬೇಡ, ಗದಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿ ಫ್ಯಾನ್ ಸುಮ್ನೆ ನಿಲ್ಲಿಸಿಲ್ಲ. ಹಾಗಾಗಿ ಬೆಳಗ್ಗೆ ಆರೂವರೆ, ಏಳಕ್ಕೇ ಹಾರಿಸಬೇಕು. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಹದಿನೈದು ಡಿಗ್ರಿ ಆಸುಪಾಸು ಇರುತ್ತದೆ.

ತಣ್ಣಗಿನ ಸಿಲಿಂಡರ್‌ನಲ್ಲಿ ಪೆಟ್ರೋಲ್ ಪೂರ್ತಿ ಆವಿ ಆಗಲ್ಲ, ಇಂಜಿನ್ ಜಾಸ್ತಿ ಪೆಟ್ರೋಲ್ ಕೇಳುತ್ತದೆ, ಪಿಕಪ್ ಬರಲಿ ಅಂತ ಲೋ ನೀಡಲ್ (ಕಮ್ಮಿ ರೇಸಿಗೆ ಪೆಟ್ರೋಲ್ ಹೊಂದಿಸುವ ಕಾರ್ಬುರೇಟರ್ ಸ್ಕ್ರೂ) ಬಿಚ್ಚುತ್ತಾರೆ, ಚೆನ್ನಾಗಿ ಎತ್ತಿತು ಅಂತ ಹಾರಿಸಿಯೂ ಬಿಡುತ್ತಾರೆ. ಮೇಲೆ ಹೋಗಿ ಬಿಸಿ ಆದಾಗ ಅದೇ ಸೆಟ್ಟಿಂಗ್ ರಿಚ್, ಅಂದರೆ ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿ. ಇಳಿಸಲು ರೇಸ್ ಕಮ್ಮಿ ಮಾಡಿ ಬರುವಾಗ ಕ್ರ್ಯಾಂಕ್‌ಕೇಸ್‌ನಲ್ಲಿ (ಇಂಜಿನ್ನಿನ ಕೆಳಗಿನ ಗೂಡಿನಲ್ಲಿ) ಹಸಿ ಪೆಟ್ರೋಲ್ ಕೂಡಿಕೊಳ್ಳುತ್ತದೆ. ಸ್ವಲ್ಪ ಕಮ್ಮಿ ಬಿತ್ತು ಅಂತ ಹೊಳ್ಳಿ ರೇಸ್ ಕೊಟ್ಟರೆ ಗುಳುಕ್, ಬಂದ್. ಮುಂದೆ ಹೊಲದ ಒಡ್ಡು.

ಆ ಒಡ್ಡಿಗೆ ನಾನು ಕೊಟ್ಟ ಕಾಣಿಕೆ ಕೇಳಿ. ಪ್ರೊಪೆಲರ್ ಒಂದಕ್ಕೆ ಸಾವಿರದ ಇನ್ನೂರರ ಹತ್ತಿರ. ಲ್ಯಾಂಡಿಂಗ್ ಗೇರ್, ರೆಕ್ಕೆ, ಸೈಲೆನ್ಸರ್ ಬೋಲ್ಟ್ ಎಲ್ಲ ಸೇರಿ ಬಿದ್ದಾಗಲೆಲ್ಲ ಮೂರ್ನಾಲ್ಕು ಸಾವಿರ. ಇಂಜಿನ್ ತರಿಸಿದ್ದು ಇಪ್ಪತ್ತು ಸಾವಿರದ ಮೇಲೆ. ದೊಡ್ಡ ಊರಿನ ಅಂಗಡಿಯವರೊಬ್ಬರು "ಕಾರ್ಬುರೇಟರ್ ಹೋಗಿದೆ ಸರ್" ಅಂತ ಹೊಸದು ಹಾಕಿಸಿದರು, ನಾಲ್ಕು ಸಾವಿರ ಅದಕ್ಕೆ. ಮುಂದಿನ ಭಾನುವಾರ ಅದೇ ಗುಳುಕ್, ಅದೇ ಒಡ್ಡು.

ದಾರಿ ಸಿಕ್ಕಿದ್ದು ಅಕ್ಕನ ಮಗನ ದೋಸ್ತನಿಂದ, ಪೈಲಟ್ ತರಬೇತಿ ಮುಗಿಸಿ ಬಂದ ಹುಡುಗ. ಸೆಸ್ನಾ 172 ಅನ್ನುವ ಸಣ್ಣ ವಿಮಾನದಲ್ಲಿ ಮೇಲೇರುವ ಮೊದಲು ಇಂಜಿನ್ ಅನ್ನು ನಿಮಿಷಕ್ಕೆ 1,700-1,800 ಸುತ್ತಿಗೆ, ಅಂದರೆ ಅಷ್ಟು ಆರ್‌ಪಿಎಂಗೆ ಏರಿಸಿ, ಪ್ಲಗ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋದಲ್ಲಿ ಒಂದೊಂದನ್ನೇ ಬಂದ್ ಮಾಡಿ ನೋಡುತ್ತಾರಂತೆ. ಸೆಸ್ನಾದ ಮಾಡೆಲ್ ನೋಡಿಕೊಂಡು ಸುತ್ತು 125 ಅಥವಾ 150ಕ್ಕಿಂತ ಜಾಸ್ತಿ ಇಳಿಯಬಾರದು, ಎರಡರ ನಡುವೆ 50ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. "ಕಾಕಾ, ಸೌಂಡ್ ಛಲೋ ಐತಿ ಅಂತ ಯಾರೂ ಹಾರಸೂದಿಲ್ಲ, ನಂಬರ್ ನೋಡ್ತೀವಿ" ಅಂದ. ನನ್ನ ಇಂಜಿನ್‌ಗೆ ಎರಡು ಮ್ಯಾಗ್ನೆಟೋ ಇಲ್ಲ, ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ, ಸಿಡಿಐ, ಒಂದೇ. ಆಯಿಲ್ ಪ್ರೆಶರ್ ನೋಡೋಣ ಅಂದರೆ ಆಯಿಲ್ ಇರುವುದೇ ಪೆಟ್ರೋಲ್ ಒಳಗೆ. ಆದರೂ ನಂಬರ್ ಮಾತು ತಲೆಯಲ್ಲಿ ಕೂತಿತು.

ಮೊದಲು ಟ್ಯಾಕೋಮೀಟರನ್ನೇ ಪರೀಕ್ಷೆ ಮಾಡಿ. ಚೋಕ್ ಇರುವ ಹಳೆ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಎರಡು ಬ್ಲೇಡ್ ಸೆಟ್ಟಿಂಗ್‌ನಲ್ಲಿ ಅದರ ಕೆಳಗೆ ಹಿಡಿದರೆ 3,000 ತೋರಿಸಬೇಕು. ಎಲ್‌ಇಡಿ ಬಲ್ಬ್ ನಂಬಬೇಡಿ. ಥರ್ಮಾಮೀಟರ್ ಗನ್ ಒಂಬೈನೂರಕ್ಕೆ ಸಿಕ್ಕಿತು. ಕೊರೊನಾ ಕಾಲದ, ಹಣೆಗೆ ಹಿಡಿಯುವುದು ನಡೆಯಲ್ಲ, ಅದು ಜ್ವರ ದಾಟಿ ಮುಂದೆ ಹೋಗಲ್ಲ.

ಈಗ ನಾನು ಮಾಡುವುದು ಹೀಗೆ. ಸ್ಟಾರ್ಟ್ ಆದ ಮೇಲೆ 2,500ರ ಆಸುಪಾಸು ಎರಡು ಮೂರು ನಿಮಿಷ, ಆಮೇಲೆ ಅರ್ಧ ರೇಸ್. ಪ್ಲಗ್ ಬುಡದಲ್ಲಿ 90 ಡಿಗ್ರಿ ಕಾಣುವ ತನಕ ಸ್ಕ್ರೂಡ್ರೈವರ್ ಜೇಬಿನಿಂದ ತೆಗೆಯಲ್ಲ. ಆಮೇಲೆ ಫುಲ್ ರೇಸ್, ಹೈ ನೀಡಲ್ (ಜಾಸ್ತಿ ರೇಸಿಗೆ ಪೆಟ್ರೋಲ್ ಹೊಂದಿಸುವ ಸ್ಕ್ರೂ) ಮುಚ್ಚುತ್ತಾ ಹೋಗಿ ಸುತ್ತಿನ ತುದಿ ಮುಟ್ಟಿಸುತ್ತೇನೆ, 16-8 (16 ಇಂಚು ಉದ್ದ, 8 ಇಂಚು ಪಿಚ್) ಪ್ರೊಪೆಲರ್‌ಗೆ ನನ್ನದು 7,600 ಚಿಲ್ಲರೆ. ಅಲ್ಲಿಂದ ಇನ್ನೂರರಷ್ಟು ಇಳಿಯುವ ತನಕ ಬಿಚ್ಚುತ್ತೇನೆ, ಯಾಕಂದರೆ ಮೇಲೆ ಹೋದಾಗ ಲೋಡ್ ಕಮ್ಮಿ ಆಗಿ ಇನ್ನೂ ಲೀನ್ (ಪೆಟ್ರೋಲ್ ಪಾಲು ಕಮ್ಮಿ) ಆಗುತ್ತದೆ. ಆಮೇಲೆ ಒಬ್ಬರು ಹಿಂದಿನಿಂದ ಗಟ್ಟಿ ಹಿಡಿದು ಮೂತಿ ನೇರ ಆಕಾಶಕ್ಕೆ ಎತ್ತಬೇಕು, ಫುಲ್ ರೇಸ್‌ನಲ್ಲೇ, ಹತ್ತು ಸೆಕೆಂಡ್. ಹೆಗಲ ಮೇಲಿನ ಟವೆಲ್ ಮೊದಲು ತೆಗೆದಿಡಿ. ಸ್ವಲ್ಪ ಏರಿದರೆ ಒಳ್ಳೆಯದು. ಕುಸಿದರೆ ಲೀನ್, ಹೈ ನೀಡಲ್ ಒಂದು ಎಳೆ ಬಿಚ್ಚಿ.

ಕೊನೆಯದು ಎಲ್ಲರೂ ಬಿಡುವ ಪರೀಕ್ಷೆ. 1,800ಕ್ಕೆ ಐಡಲ್ (ಅತಿ ಕಮ್ಮಿ ರೇಸ್) ಬಿಟ್ಟು ಅರ್ಧ ನಿಮಿಷ ಸುಮ್ನೆ ನಿಲ್ಲಿ. ಒಮ್ಮೆಲೇ ಫುಲ್ ರೇಸ್ ಕೊಡಿ. ಹೊಗೆ ಉಗುಳಿ ಮಿಸ್ಸಿಂಗ್ ಮಾಡುತ್ತಾ ಎತ್ತಿದರೆ ಲೋ ನೀಡಲ್ ರಿಚ್, ಪಟ್ಟನೆ ನಿಂತರೆ ಲೀನ್. ಇಳಿಸುವಾಗ ಆಗಬೇಕಾದ ಗುಳುಕ್ ಇಲ್ಲೇ, ನೆಲದ ಮೇಲೇ ಸಿಕ್ಕಿಬೀಳುತ್ತದೆ.

ನಡುವೆ ಪೆಟ್ರೋಲ್ ಹಿಂದೆಯೂ ಬಿದ್ದೆ. ಗಾಜಿನ ಬಾಟಲಿಗೆ 100 ಎಂಎಲ್ ಪಂಪಿನ ಪೆಟ್ರೋಲ್, 10 ಎಂಎಲ್ ನೀರು ಹಾಕಿ ಕುಲುಕಿ ಬಿಟ್ಟರೆ ತಳದ ಪದರ ಮೂವತ್ತರ ಹತ್ತಿರ ಬಂದು ನಿಂತಿತು, ಅದರಲ್ಲಿ ನಾನು ಹಾಕಿದ ನೀರು ಬಿಟ್ಟು ಉಳಿದಿದ್ದೆಲ್ಲ ಎಥೆನಾಲ್. ಎಥೆನಾಲ್ ಇದ್ದರೆ ಇಂಜಿನ್ ಲೀನ್ ಓಡುತ್ತದೆ, ಹಳೆಯ ನೀಡಲ್ ಲೆಕ್ಕ ನಡೆಯಲ್ಲ. ಇತ್ತ ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲೆ, ಗಾಳಿ ತೆಳು, ಅದು ರಿಚ್ ಮಾಡುತ್ತದೆ. ಮಂಗಳೂರಿನಿಂದ ಸೆಟ್ಟಿಂಗ್ ಮಾಡಿಕೊಂಡು ಬಂದವರೊಬ್ಬರ ಇಂಜಿನ್ ಇಲ್ಲಿ ಬರೀ ಹೊಗೆ. ನೀರಿನಿಂದ ತೊಳೆದ ಪೆಟ್ರೋಲನ್ನೂ ಓಡಿಸಿ ನೋಡಿದೆ. ಎಥೆನಾಲ್ ಹೋದರೆ ಆಕ್ಟೇನ್ (ಕಟಕಟ ತಡೆಯುವ ಗುಣ) ಕೂಡ ಇಳಿಯುತ್ತದೆ, ಫುಲ್ ರೇಸ್‌ನಲ್ಲಿ ಕಟಕಟ ಶುರು ಮಾಡಿತು. ಬಿಟ್ಟೆ.

ಈಗ ಪ್ರತಿ ಸಲ ಹೊಸ ಪೆಟ್ರೋಲ್, ಲೀಟರಿಗೆ 33 ಎಂಎಲ್ ಟೂ-ಸ್ಟ್ರೋಕ್ ಆಯಿಲ್. ಮನೆಗೆ ಹೊರಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗಿ ತಾನೇ ನಿಲ್ಲುವ ತನಕ ಐಡಲ್‌ನಲ್ಲಿ ಓಡಿಸುತ್ತೇನೆ. ಆಮೇಲೆ ಕಾರ್ಬುರೇಟರ್ ಒಳಗಿನ ತೆಳು ಪೊರೆ, ಡಯಾಫ್ರಂ, ಬಿರುಸಾಗದಂತೆ ಒಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಹೇಳಲ್ಲ. ಮುನ್ನೂರು ರೂಪಾಯಿಯ ಡಯಾಫ್ರಂ ಕಿಟ್ ವರ್ಷದ ಮೇಲಾದರೂ ಬದಲಿಸಿಲ್ಲ ಅಂದರೆ ನಂಬಿ.