ಡಾರ್ಟ್ಸ್ ಎಸೆಯಲು ಮರದ ಕಟ್ಟೆ: ಮೊದಲು ಕಟ್ಟೆ, ಆಮೇಲೆ ಬೋರ್ಡು

ಸ್ಟೀಲ್ ಮೊನೆಯ ಡಾರ್ಟ್ಸ್‌ಗೆ ನೆನಪಿಡಬೇಕಾದ ಅಳತೆ ಮೂರೇ. ನಿಂತ ಮಟ್ಟದಿಂದ ಬೋರ್ಡಿನ ನಟ್ಟನಡುವಿನ ಚುಕ್ಕೆಯಾದ ಬುಲ್‌ನ ನಡುವಿಗೆ 1.73 ಮೀಟರ್ ಎತ್ತರ. ಬೋರ್ಡಿನ ಮುಖದಿಂದ ಎಸೆತದ ಗೆರೆಗೆ 2.37 ಮೀಟರ್ ದೂರ. ಬುಲ್‌ನಿಂದ ಗೆರೆಯ ಬುಡಕ್ಕೆ ಟೇಪನ್ನು ಓರೆಯಾಗಿ ಹಿಡಿದರೆ 2.93 ಮೀಟರ್.

ಕಟ್ಟೆ ಮಾಡುವವರು ಎಡವುವುದು ಮೊದಲ ಅಳತೆಯಲ್ಲೇ. ನಿಂತ ಮಟ್ಟವೆಂದರೆ ಕೋಣೆಯ ನೆಲವಲ್ಲ, ಪಾದದಡಿಯ ಹಲಗೆ. ನೆಲದಿಂದ 1.73ಕ್ಕೆ ಮೊದಲೇ ತೂಗುಹಾಕಿದ ಬೋರ್ಡಿನ ಮುಂದೆ 13 ಸೆಂ.ಮೀ. ಕಟ್ಟೆ ಇಟ್ಟರೆ ಬುಲ್ ಪಾದದಿಂದ 1.60ಕ್ಕೆ ಇಳಿದಿರುತ್ತದೆ. ಅದಕ್ಕೆ ಪಳಗಿದ ಕೈ ಬೇರೆ ಯಾವ ಬೋರ್ಡಿನ ಮುಂದೆಯೂ ಹಿಡಿತಕ್ಕೆ ಬರುವುದಿಲ್ಲ. ಆದ್ದರಿಂದ ಕಟ್ಟೆ ಮುಗಿಯುವವರೆಗೆ ಗೋಡೆಗೆ ಮೊಳೆ ಹೊಡೆಯಬೇಡಿ.

ಬೇಕಾಗುವ ಸಾಮಾನು: 2440×1220 ಮಿ.ಮೀ.ನ 18 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆ ಒಂದು, 90×45 ಮಿ.ಮೀ.ನ ಒಣಗಿದ, ನೆಟ್ಟಗಿರುವ ಮರ 10 ಮೀಟರ್, 38 ಮಿ.ಮೀ. ದಪ್ಪದ ಗಟ್ಟಿ ಮರದ ಪಟ್ಟಿ 610 ಮಿ.ಮೀ. ಉದ್ದಕ್ಕೆ, 30, 70 ಮತ್ತು 100 ಮಿ.ಮೀ. ಸ್ಕ್ರೂಗಳು, ಮರದ ಅಂಟು, 5 ಮಿ.ಮೀ. ದಪ್ಪದ ರಬ್ಬರ್ ತುಂಡು ಒಂಬತ್ತು. ತೆಳು ರಬ್ಬರ್ ಮ್ಯಾಟ್. ಮೊಳೆ ಬೇಡ. ತುಳಿತಕ್ಕೆ ಮೊಳೆ ಸಡಿಲವಾಗುತ್ತದೆ, ಎಸೆಯುವ ಗಳಿಗೆಯಲ್ಲೇ ಕಟ್ಟೆ ಕಿರುಗುಟ್ಟುತ್ತದೆ.

ಹಾಳೆಯನ್ನು ನಡುವೆ ಸೀಳಿ. ಗರಗಸದ ಬಾಯಿಗೆ ಸುಮಾರು 3 ಮಿ.ಮೀ. ಹೋಗುವುದರಿಂದ ಎರಡು ತುಂಡನ್ನೂ 1218 ಮಿ.ಮೀ. ಚೌಕಕ್ಕೆ ತನ್ನಿ. ಮರದಲ್ಲಿ 1218ರ ಎರಡು ತೊಲೆ, 1128ರ ಐದು ಜಂತೆ, 248ರ ನಾಲ್ಕು ಅಡ್ಡತುಂಡು ಕತ್ತರಿಸಿ. ತೊಲೆಗಳು ಮುಂದೆ ಮತ್ತು ಹಿಂದೆ. ಜಂತೆಗಳು ಅವುಗಳ ನಡುವೆ, ಬೋರ್ಡಿನ ಕಡೆಗೆ ಮುಖಮಾಡಿ, ನಡುವಿಂದ ನಡುವಿಗೆ 293 ಮಿ.ಮೀ. ಅಂತರದಲ್ಲಿ. ಎಸೆಯುವಾಗ ಮೈಭಾರ ಹೆಚ್ಚೂಕಡಿಮೆ ಪೂರ್ತಿ ಮುಂಗಾಲಿನ ಮೇಲೆ ಬೀಳುತ್ತದೆ. ಹಾಗಾಗಿ ಅಡ್ಡತುಂಡುಗಳನ್ನು ಚೌಕಟ್ಟಿನ ಮಧ್ಯಕ್ಕಲ್ಲ, ಮುಂದಿನ ತೊಲೆಯಿಂದ 150 ಮಿ.ಮೀ. ಹಿಂದಕ್ಕೆ ಕೂರಿಸಿ. ಸ್ಕ್ರೂ ಬಿಗಿಯುವ ಮುನ್ನ ಮೂಲೆಯಿಂದ ಮೂಲೆಗೆ ಅಳೆಯಿರಿ: ಎರಡೂ ಕರ್ಣ 1722 ಮಿ.ಮೀ. ಆಸುಪಾಸಿನಲ್ಲಿ ಒಂದೇ ಸಮ ಬರಬೇಕು.

ಪ್ಲೈವುಡ್ ತುಂಡುಗಳ ನಡುವೆ ಅಂಟು ಬಳಿದು, ಒಂದರ ನಾರು ಇನ್ನೊಂದಕ್ಕೆ ಅಡ್ಡ ಬರುವಂತೆ ಜೋಡಿಸಿ, ಕೆಳಗಿನಿಂದ 30ರ ಸ್ಕ್ರೂ ಹಾಕಿ. ಹೀಗೆ ಬರುವ 36 ಮಿ.ಮೀ. ಹಲಗೆ ಕಾಲಡಿ ಬಾಗುವುದಿಲ್ಲ. ಒಂದೇ ಪದರಕ್ಕೆ ನಿಲ್ಲಿಸಿ ಮರ ಉಳಿಸಲು ಹೋಗಬೇಡಿ. ಮುಂಗಾಲ ಕೆಳಗೆ ಹಲಗೆ ಕೂದಲೆಳೆ ತಗ್ಗಿದರೂ ಕೈ ಅದನ್ನು ಗುರುತಿಸುತ್ತದೆ. ಚೌಕಟ್ಟಿನ ಖಾನೆಗಳಿಗೆ ಹಳೆಯ ಫೋಮ್ ತುರುಕಿ, ಇಲ್ಲವಾದರೆ ಪೊಳ್ಳು ಕಟ್ಟೆ ಹೆಜ್ಜೆಹೆಜ್ಜೆಗೂ ತಮಟೆಯಂತೆ ಸದ್ದು ಮಾಡುತ್ತದೆ. ನಂತರ ಹಲಗೆಯನ್ನು ಅಂಟು ಮತ್ತು 70ರ ಸ್ಕ್ರೂಗಳಿಂದ ಚೌಕಟ್ಟಿಗೆ ಬಿಗಿಯಿರಿ.

ರಬ್ಬರ್ ತುಂಡುಗಳು ನಾಲ್ಕು ಮೂಲೆಗೆ ಮಾತ್ರ ಸಾಲವು, ನಡುಭಾಗ ಪುಟಿಯುತ್ತದೆ. ಅಂಚುಗಳ ಮಧ್ಯಕ್ಕೆ ನಾಲ್ಕು, ನಡುಜಂತೆಗೆ ಒಂದು ಸೇರಿ ಒಂಬತ್ತು. ರಸಮಟ್ಟ ಇಟ್ಟು ನೋಡಿ, ತಗ್ಗಿದ ಕಡೆ ತೆಳು ಪಟ್ಟಿ ಸೇರಿಸಿ.

ಇನ್ನು ಕಾಲು ತಡೆಯುವ ಪಟ್ಟಿ, ಆಟಗಾರರು ಒಕಿ ಎನ್ನುವುದು. ಅಧಿಕೃತ ಅಳತೆ 38 ಮಿ.ಮೀ. ಎತ್ತರ, 610 ಮಿ.ಮೀ. ಉದ್ದ. ಆ ಎತ್ತರ ಮ್ಯಾಟಿನ ಮೇಲಿನಿಂದ ಸಿಗಬೇಕು: 4 ಮಿ.ಮೀ. ಮ್ಯಾಟ್ ಹಾಸುವುದಾದರೆ ಪಟ್ಟಿಯನ್ನು 42ಕ್ಕೆ ಸೀಳಿಸಿ. ಕಟ್ಟೆಯ ಮುಂದಿನ ಅಂಚಿಗೆ ಸಮನಾಗಿ, ಅಗಲದ ಸರಿಮಧ್ಯದಲ್ಲಿಟ್ಟು, ಮೇಲಿನಿಂದ 100ರ ಮೂರು ಸ್ಕ್ರೂಗಳನ್ನು ತಲೆ ಮುಳುಗುವಂತೆ ಇಳಿಸಿ. ಅವು ಹಲಗೆ ದಾಟಿ ತೊಲೆಯನ್ನು ಕಚ್ಚುತ್ತವೆ. ಇಲ್ಲಿ ಮಾತ್ರ ಅಂಟು ಬೇಡ. ಸವೆದ ಪಟ್ಟಿಯನ್ನು ಮುಂದೆ ಬದಲಿಸಬೇಕಾಗುತ್ತದೆ.

ಈಗ ಬೋರ್ಡು. ಮರ 90, ಹಲಗೆ 36, ರಬ್ಬರ್ 5, ಮ್ಯಾಟ್ 4, ಒಟ್ಟು 135 ಮಿ.ಮೀ.; ಅಂದರೆ ಬುಲ್ ಕೋಣೆಯ ನೆಲದಿಂದ 1865 ಮಿ.ಮೀ.ಗೆ ಬರುತ್ತದೆ. ಆದರೂ ಈ ಲೆಕ್ಕವನ್ನು ನಂಬದೆ, ಒಬ್ಬರು ಮೇಲೆ ನಿಂತಿರುವಾಗ ಕಟ್ಟೆಯನ್ನು ಅಳೆದು, ಅದಕ್ಕೆ 1730 ಕೂಡಿಸಿ. ರಬ್ಬರ್ ಸ್ವಲ್ಪ ಕುಗ್ಗಿರುತ್ತದೆ.

ದೂರವನ್ನು ಗೋಡೆಯಿಂದ ಅಳೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಬೋರ್ಡೇ ನಾಲ್ಕು ಸೆಂ.ಮೀ.ನಷ್ಟು ದಪ್ಪ, ಹಿಂದೆ ಬ್ರಾಕೆಟ್ ಬೇರೆ. ಬೋರ್ಡಿನ ಮುಖದಿಂದ ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದ ಜಾಗದಿಂದ ಅಳೆಯಿರಿ. 2370 ಸಿಗಬೇಕಾದದ್ದು ಪಟ್ಟಿಯ ಹಿಂಬದಿಗೆ, ಕಾಲ್ಬೆರಳು ತಾಗುವ ಮುಖಕ್ಕೆ. ಪಟ್ಟಿಯ ದಪ್ಪ 38 ಕಳೆದರೆ ಕಟ್ಟೆಯ ಮುಂದಿನ ಅಂಚು 2332ಕ್ಕೆ ನಿಲ್ಲುತ್ತದೆ. ಕೊನೆಗೆ ಬುಲ್‌ನಿಂದ ಪಟ್ಟಿಯ ಹಿಂಬುಡಕ್ಕೆ ಓರೆ ಅಳತೆ ಹಿಡಿಯಿರಿ, 2.93 ಬಾರದಿದ್ದರೆ ಎತ್ತರವೋ ದೂರವೋ ಎಲ್ಲೋ ತಪ್ಪಿದೆ. ಸಾಫ್ಟ್ (ಪ್ಲಾಸ್ಟಿಕ್) ಮೊನೆಯ ಆಟಕ್ಕೆ ದೂರ 2.44 ಮೀಟರ್, ಕಟ್ಟೆಯನ್ನು 70 ಮಿ.ಮೀ. ಹಿಂದಕ್ಕೆ ಸರಿಸಿದರೆ ಸಾಕು. ಎರಡೂ ಸ್ಥಾನಗಳನ್ನು ನೆಲದ ಮೇಲೆ ಟೇಪಿನಿಂದ ಗುರುತಿಸಿಡಿ.

ಡಾರ್ಟ್ ಕೀಳಲು ಹೋಗುವಾಗ ಪಟ್ಟಿ ದಾಟಿದರೆ ಮುಗ್ಗರಿಸುವುದು ಖಂಡಿತ. ಅದರ ಎರಡೂ ಪಕ್ಕ 304 ಮಿ.ಮೀ. ಖಾಲಿ ಇದೆ, ಇಳಿಯುವ ದಾರಿ ಅದು. ಆ ಅಂಚಿಗೆ ಹಳದಿ ಬಣ್ಣ ಬಳಿಯಿರಿ. ಕಟ್ಟೆಯ ಹಿಂಬದಿಯಲ್ಲಿ ಗೋಡೆಯಿಲ್ಲದಿದ್ದರೆ ಅಲ್ಲೂ 25 ಮಿ.ಮೀ. ಎತ್ತರದ ಪಟ್ಟಿ ಹೊಡೆಯಿರಿ. ಎಸೆದು ಹಿಂದಕ್ಕೆ ಹೆಜ್ಜೆಯಿಡುವವರ ಕಣ್ಣು ಇನ್ನೂ ಬೋರ್ಡಿನ ಮೇಲೇ ಇರುತ್ತದೆ.