ಟಾಪ್ ಕ್ವಾರ್ಕ್ ಜೋಡಿ ಎಣಿಸುವುದು ಹೇಗೆ?

ಮೂಲಕಣಗಳಲ್ಲೇ ಅತಿ ಭಾರದ ಟಾಪ್ ಕ್ವಾರ್ಕ್ ಸಿಕ್ಕಿದ್ದು 1995ರಲ್ಲಿ, ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ. ಈಗ ಜಿನೀವಾ ಬಳಿಯ, ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಎಲ್‌ಎಚ್‌ಸಿಯಲ್ಲಿ ಅದರ ಜೋಡಿಗಳು (ಒಂದು ಟಾಪ್, ಒಂದು ಅದರ ಪ್ರತಿಕಣ) ಕೋಟಿಗಟ್ಟಲೆ ಹುಟ್ಟಿವೆ. ಆದರೂ ಎಷ್ಟು ಹುಟ್ಟಿದವು ಎಂದು ಲೆಕ್ಕ ಹಾಕುವಾಗ ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ.

ಮೊದಲು ಘಟನೆಗಳನ್ನು, ಅಂದರೆ ದಾಖಲಾದ ಡಿಕ್ಕಿಗಳನ್ನು, ಆರಿಸಿ. ಟಾಪ್ ಹುಟ್ಟಿದ ಕೂಡಲೇ ಒಡೆದು ಡಬ್ಲ್ಯು ಬೋಸಾನ್ ಎಂಬ ಒಂದು ಕಣ, ಒಂದು ಬಾಟಮ್ ಕ್ವಾರ್ಕ್ ಆಗುತ್ತದೆ. ಒಂದು ಡಬ್ಲ್ಯುನಿಂದ ಎಲೆಕ್ಟ್ರಾನ್, ಇನ್ನೊಂದರಿಂದ ಮ್ಯುವಾನ್ (ಎಲೆಕ್ಟ್ರಾನ್‌ನ ಭಾರದ ಸೋದರ) ಬಂದ, ವಿರುದ್ಧ ಚಾರ್ಜ್ ಇರುವ ಘಟನೆಗಳನ್ನಷ್ಟೇ ಇಟ್ಟುಕೊಳ್ಳಿ. ಇಂಥವು ನೂರಕ್ಕೆ ಎರಡು ಮೂರು ಮಾತ್ರ, ಆದರೆ ಸಾಕು. ಜಾಸ್ತಿ ಸಿಗಲಿ ಎಂಬ ಆಸೆಗೆ ಎರಡು ಎಲೆಕ್ಟ್ರಾನ್ ಅಥವಾ ಎರಡು ಮ್ಯುವಾನ್ ಇರುವುದನ್ನೂ ಸೇರಿಸಿದರೆ, ಅಂಥ ಜೋಡಿಗಳಾಗಿಯೂ ಒಡೆಯುವ ಜ಼ೆಡ್ ಬೋಸಾನ್‌ಗಳು ಹಿಂಡುಗಟ್ಟಿ ಬಂದು ಸೇರುತ್ತವೆ. ನಾನಂತೂ ಮುಟ್ಟುವುದಿಲ್ಲ.

ಇನ್ನು ಬಿ-ಜೆಟ್, ಅಂದರೆ ಬಾಟಮ್ ಕ್ವಾರ್ಕ್‌ನಿಂದ ಚಿಮ್ಮುವ ಕಣಗಳ ಗೊಂಚಲು, ಗುರುತಿಸುವುದು. ಬಾಟಮ್ ಇರುವ ಕಣ ಒಡೆಯುವ ಮುನ್ನ ಕೆಲವು ಮಿಲಿಮೀಟರ್ ಹಾರುತ್ತದೆ. ಹಾಗಾಗಿ ಅದರ ಜೆಟ್‌ನ ಕೆಲವು ಜಾಡುಗಳು ಡಿಕ್ಕಿಯ ಬಿಂದುವಿನಿಂದ ಸ್ವಲ್ಪ ಆಚೆ ಶುರುವಾಗುತ್ತವೆ. ಆದರೆ ಎಲ್ಲ ಬಿ-ಜೆಟ್‌ಗಳೂ ಸಿಗುವುದಿಲ್ಲ, ಅಲ್ವಾ? ಎಷ್ಟು ಸಿಗುತ್ತವೆ ಎಂಬ ಅಂಕಿಯನ್ನು ಸಿಮ್ಯುಲೇಶನ್‌ನಿಂದ ಸುಮ್ನೆ ಎತ್ತಿಕೊಳ್ಳುವುದೇ ದೊಡ್ಡ ತಪ್ಪು. ಡೇಟಾವನ್ನೇ ಕೇಳಿ. ಒಂದು ಬಿ-ಜೆಟ್ ಸಿಕ್ಕ ಘಟನೆಗಳನ್ನು ಬೇರೆ, ಎರಡು ಸಿಕ್ಕವನ್ನು ಬೇರೆ ಎಣಿಸಿ. ಉದಾಹರಣೆಗೆ, ಒಂದು ಸಿಕ್ಕವು 500, ಎರಡು ಸಿಕ್ಕವು 250 ಎನ್ನಿ. ಅಲ್ಲಿಗೆ ಸಿಕ್ಕ ಒಟ್ಟು ಬಿ-ಜೆಟ್ 1000. ಅದರಲ್ಲಿ 500 ಜೊತೆಯಾಗಿಯೇ ಸಿಕ್ಕಿವೆ. ಅಂದರೆ ಒಂದು ಸಿಕ್ಕಾಗ ಅದರ ಜೊತೆಗಾರ ಸಿಗುವ ಸಾಧ್ಯತೆ ಅರ್ಧ. ಎರಡೂ ಸಿಗುವುದು ಕಾಲು ಭಾಗ. ಹಾಗಾದರೆ ಒಟ್ಟು ಘಟನೆ 1000. ಒಂದೂ ಬಿ-ಜೆಟ್ ಕಾಣದೆ ತಪ್ಪಿಸಿಕೊಂಡ 250 ಕೂಡ ಲೆಕ್ಕಕ್ಕೆ ಬಂದವು! ಎರಡು ಜೆಟ್‌ಗಳ ನಡುವಿನ ಸಣ್ಣ ನಂಟಿಗೆ ಮಾತ್ರ ಸಿಮ್ಯುಲೇಶನ್‌ನಿಂದ ತಿದ್ದುಪಡಿ ತನ್ನಿ.

ಈ ಲೆಕ್ಕಕ್ಕೆ ಕೂರುವ ಮೊದಲೇ ಬೇರೆ ಮೂಲದ ಘಟನೆಗಳನ್ನು ಕಳೆದಿರಬೇಕು. ಒಂಟಿ ಟಾಪ್ ಡಬ್ಲ್ಯು ಜೊತೆ ಹುಟ್ಟಿದಾಗ ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದಕ್ಕೆ ಸಿಮ್ಯುಲೇಶನ್ ಬೇಕೇ ಬೇಕು. ನಕಲಿ ಎಲೆಕ್ಟ್ರಾನ್‌ಗಳು (ಬೇರೇನೋ ಎಲೆಕ್ಟ್ರಾನ್‌ನಂತೆ ಕಂಡವು) ಎಷ್ಟೆಂದು ತಿಳಿಯಲು ಒಂದೇ ಚಾರ್ಜ್‌ನ ಜೋಡಿಗಳನ್ನು ನೋಡಿ.

ಉತ್ತರವನ್ನು ಕೊನೆಯವರೆಗೂ ಮುಚ್ಚಿಡಿ. 13 ಟಿಇವಿ ಶಕ್ತಿಯಲ್ಲಿ ಸುಮಾರು 830 ಪಿಕೋಬಾರ್ನ್ (ಜೋಡಿ ಹುಟ್ಟುವ ಸಾಧ್ಯತೆಯ ಅಳತೆ) ಬರಬೇಕೆಂದು ಎಲ್ಲರಿಗೂ ಗೊತ್ತು. 790 ಬಂದರೆ ಕಟ್ (ಘಟನೆ ಆರಿಸುವ ಮಿತಿ) ಬದಲಿಸುವ ಚಪಲ. 830 ಬಂದರೆ ತಪ್ಪು ಹುಡುಕುವ ಕೆಲಸ ಅಲ್ಲಿಗೇ ಬಂದ್.

ಕೊನೆಗೆ, ಆಯ್ಕೆಯಲ್ಲಿ ಉಳಿಯುವ ಪಾಲಿನಿಂದಲೂ ಲ್ಯುಮಿನಾಸಿಟಿಯಿಂದಲೂ (ಎಷ್ಟು ಡಿಕ್ಕಿಗೆ ಅವಕಾಶವಿತ್ತು ಎಂಬ ಅಳತೆ) ಘಟನೆಗಳ ಎಣಿಕೆಯನ್ನು ಭಾಗಿಸಿ. ಸುಲಭದ ಕೆಲಸ, ಆದರೂ ನಾನು ಇಲ್ಲೇ ಬಿದ್ದವನು. ಡೇಟಾ ಓದುವ ಕಂಪ್ಯೂಟರ್ ಕ್ಲಸ್ಟರ್‌ನಲ್ಲಿ ಕೆಲವು ಜಾಬ್‌ಗಳು ಸದ್ದಿಲ್ಲದೆ ಸತ್ತಿದ್ದವು. ಡೇಟಾ ಅಷ್ಟು ಕಡಿಮೆ, ಆದರೆ ಭಾಗಿಸಿದ್ದು ಪೂರ್ತಿ ಲ್ಯುಮಿನಾಸಿಟಿಯಿಂದ. ಎರಡು ವಾರ ಬಿ-ಜೆಟ್‌ಗಳನ್ನು ಬೈದ ಮೇಲೆ ಗೊತ್ತಾಯಿತು. ಫೈಲ್‌ಗಳನ್ನು ಮೊದಲು ಎಣಿಸಿ.